ಟವೆಲ್ಲಿನ ಕೆಳಗಿನ ಕೈ

ಜನವರಿ 19, 2025, ಭಾನುವಾರ

ಈ ಡೈರಿ ನನ್ನದಲ್ಲ. ಗೊಬ್ಬರದ ಅಂಗಡಿಯವರು ಪ್ರತಿ ಹೊಸ ವರ್ಷಕ್ಕೆ ಮಾವನವರಿಗೆ ಕೊಡುತ್ತಿದ್ದದ್ದು. ಓದು ಬರಹ ಬಾರದ ಮನುಷ್ಯ ಅದನ್ನು ಈಸಿಕೊಂಡು ಬಂದು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಹನ್ನೊಂದು ಡೈರಿ ಇವೆ, ಒಂದರಲ್ಲೂ ಒಂದಕ್ಷರವಿಲ್ಲ. ಈ ವರ್ಷದ್ದನ್ನು ನಾನು ತೆಗೆದುಕೊಂಡೆ. ಕೇಳುವವರು ಯಾರು?

ನಿನ್ನೆ ಅವರ ಹನ್ನೊಂದನೇ ದಿನದ ತಿಥಿ ಮುಗಿಯಿತು. ಎಡೆಗೆ ಮುದ್ದೆ, ನಾಟಿಕೋಳಿ ಸಾರು, ಒಂದು ಕಟ್ಟು ಬೀಡಿ, ಒಂದು ತಟ್ಟೆ ಸಪೋಟ. ಸಪೋಟ ಇಟ್ಟವಳು ನಾನು. ನಲವತ್ತು ವರ್ಷ ಸಪೋಟ ಬೆಳೆದು ಮಾರಿದ ಕೆಂಪಯ್ಯ ಅದನ್ನು ತಿಂದದ್ದನ್ನು ನಾನಂತೂ ಒಂದು ಸಲವೂ ನೋಡಿಲ್ಲ. ಸಿಹಿ ಅವರಿಗೆ ಆಗುತ್ತಿರಲಿಲ್ಲ. ಮಾತಿನಲ್ಲೂ ಅಷ್ಟೇ.

ಎಲೆ ಎತ್ತುವ ಮುಂಚೆಯೇ ಮೈದುನ ಪ್ರಸಾದ್ ಮಾತು ತೆಗೆದ. ಅವನು ನಂಜನಗೂಡಿನಲ್ಲಿ ಸೈಟು ಮಾರಿಸುವ ದಲ್ಲಾಳಿ. ಬಿಳಿಗೆರೆಯ ಈ ತೋಟವನ್ನು ಇಟ್ಟಿಗೆ ಗೂಡಿನವರಿಗೆ ಹತ್ತು ವರ್ಷ ಗುತ್ತಿಗೆಗೆ ಕೊಡೋಣವಂತೆ. ಅವರು ನೂರಿಪ್ಪತ್ತು ಮರವನ್ನೂ ಕಡಿದು ಗೂಡಿಗೆ ಸೌದೆ ಮಾಡಿಕೊಳ್ಳುತ್ತಾರೆ, ಎಂಟಡಿ ಆಳದವರೆಗೆ ಮಣ್ಣು ತೆಗೆಯುತ್ತಾರೆ. ಅಣ್ಣ ತಮ್ಮ ಇಬ್ಬರೂ ಸಹಿ ಹಾಕಿದರೆ ಆಯಿತು, ಅಮ್ಮ ಹೇಗೂ ಹೆಬ್ಬೆಟ್ಟು ಒತ್ತುತ್ತಾಳೆ ಅಂದ. ಅತ್ತೆ ಕೆಂಪಾಜಮ್ಮ ಪಕ್ಕದಲ್ಲೇ ಕೂತಿದ್ದರು. ಯಾರದೋ ಮನೆಯ ಸಮಾಚಾರ ಅನ್ನುವ ಹಾಗೆ ಕೇಳಿಸಿಕೊಂಡರು. ನಮ್ಮ ಯಜಮಾನರು ರಾಜೇಂದ್ರ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅವರು “ನೋಡೋಣ” ಅಂದರು. ಅವರ ನೋಡೋಣ ಅಂದರೆ ಹೂಂ ಅಂತಲೇ ಅರ್ಥ.

ನನಗೆ ಮೈಯೆಲ್ಲ ಉರಿದುಹೋಯಿತು. ಸಾರಿನ ಬಕೆಟ್ಟು ಕೆಳಗಿಟ್ಟು, ಮರ ಕಡಿಯೋಕೆ ಬಂದವರ ಕಾಲು ಮುರಿಯುತ್ತೇನೆ ಅಂದೆ. ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ. ಗಂಡಸರ ಮಾತಿನ ನಡುವೆ ನಾನು ಬಾಯಿ ಹಾಕಿದ್ದು ಅದೇ ಮೊದಲು.

ಜನವರಿ 21, ಮಂಗಳವಾರ

ಇವರು ಎರಡು ದಿನ ಮಾತು ಬಿಟ್ಟಿದ್ದರು. ಇವತ್ತು ಕಾಫಿ ಕುಡಿಯುತ್ತಾ, “ಅಷ್ಟು ಹಟ ಇದ್ರೆ ಈ ಸಲದ ಬೆಳೆ ನೀನೇ ಮಾರಿ ತೋರ್ಸು. ಮಾರಿದ್ರೆ ನಾನು ಸಹಿ ಹಾಕಲ್ಲ. ಆಗ್ಲಿಲ್ಲ ಅಂದ್ರೆ ಹಾಕ್ತೀನಿ, ಆಮೇಲೆ ನೀನು ಬಾಯಿ ತೆಗೀಬಾರ್ದು” ಅಂದರು. ಆಯಿತು ಅಂದೆ. ಅವರು ನಕ್ಕರು. ಅವರಿಗೆ ಗೊತ್ತು, ಅದು ಆಗುವ ಕೆಲಸವಲ್ಲ.

ಯಾಕೆ ಆಗುವುದಿಲ್ಲ ಅಂತ ಬರೆದಿಡುತ್ತೇನೆ, ಬರೆದರಾದರೂ ದಾರಿ ಕಂಡೀತು. ನಂಜನಗೂಡಿನ ನಮ್ಮ ಮಂಡಿಗೆ ಬೇಕಾದಷ್ಟು ಹಣ್ಣು ಇಟ್ಟುಕೊಂಡು ಮಿಕ್ಕ ಬೆಳೆಯನ್ನೆಲ್ಲ ಮರದ ಮೇಲೇ ಮಾರುವುದು ಮಾವನವರ ಪದ್ಧತಿ. ಶಿವರಾತ್ರಿ ಕಳೆದ ಮೊದಲ ಭಾನುವಾರ ವ್ಯಾಪಾರಿಗಳು ತೋಟಕ್ಕೆ ಬರುತ್ತಾರೆ. ಸಾಲು ಸಾಲು ತಿರುಗಿ ನೋಡುತ್ತಾರೆ. ಆಮೇಲೆ ಚಾಪೆಯ ಮೇಲೆ ಕೂತು, ಕೈ ಮೇಲೆ ಟವೆಲ್ ಮುಚ್ಚಿಕೊಂಡು, ಅದರ ಕೆಳಗೆ ತೋಟದವರ ಬೆರಳು ಹಿಡಿದು ರೇಟು ಕೇಳುತ್ತಾರೆ. ಬಾಯಲ್ಲಿ ಹವಾಮಾನ, ಮಕ್ಕಳ ಮದುವೆ. ಬೆರಳಲ್ಲಿ ವ್ಯಾಪಾರ. ಪಕ್ಕದಲ್ಲಿ ಕೂತ ಇನ್ನೊಬ್ಬ ವ್ಯಾಪಾರಿಗೂ ಎಷ್ಟಾಯಿತು ಅಂತ ಗೊತ್ತಾಗಬಾರದು.

ಹೆಂಗಸಿನ ಕೈ ಯಾವ ಗಂಡಸು ಟವೆಲ್ ಕೆಳಗೆ ಹಿಡಿಯುತ್ತಾನೆ? ನನಗಾದರೂ ಆ ಬೆರಳಿನ ಲೆಕ್ಕ ಎಲ್ಲಿ ಬರುತ್ತದೆ? ನಾನು ಇಪ್ಪತ್ತೆರಡು ವರ್ಷ ಮಂಡಿಯ ಹಿಂದಿನ ಕೋಣೆಯಲ್ಲಿ ಕಾಯಿ ತೊಳೆದವಳು. ಗೋಣಿತಾಟಿನಲ್ಲಿ ಕಾಯಿ ಉಜ್ಜಿ ಮೇಲಿನ ಹೊಟ್ಟು ತೆಗೆದು, ಹುಲ್ಲಿನಲ್ಲಿ ಹಣ್ಣಿಗೆ ಹಾಕುವುದು ನನ್ನ ಕೆಲಸ. ಸೊನೆ ಅಂಟಿ ನನ್ನ ಉಗುರು ಕಂದಾಗಿ ಎಷ್ಟು ವರ್ಷವಾಯಿತೋ. ಮುಂದಿನ ಗಲ್ಲಾದ ಹತ್ತಿರಕ್ಕೆ ಮಾವನವರು ನನ್ನನ್ನು ಬಿಟ್ಟವರಲ್ಲ.

ಈ ಒಂದು ಬೆಳೆ ಮಾರುತ್ತೇನೆ, ಅಷ್ಟೇ. ಆಮೇಲೆ ಅವರ ತೋಟ, ಅವರ ಮಕ್ಕಳು, ಏನಾದರೂ ಮಾಡಿಕೊಳ್ಳಲಿ.

ಫೆಬ್ರವರಿ 2, ಭಾನುವಾರ

ನಂಜನಗೂಡಿನಲ್ಲಿ ಮಾವನವರಿಗೆ ನುಡಿನಮನ. ಹಣ್ಣಿನ ವರ್ತಕರ ಸಂಘದವರು ಮಾಡಿಸಿದ್ದು. ಬಾಗಿಲಲ್ಲಿ ಆಳೆತ್ತರದ ಫ್ಲೆಕ್ಸು, ಅದರಲ್ಲಿ ಮಾವನವರ ಫೋಟೋ, ಕೆಳಗೆ “ಮೃದುಭಾಷಿ, ಸರ್ವರ ಮಿತ್ರ” ಅಂತ ದಪ್ಪ ಅಕ್ಷರ. ನನಗೆ ನಗು ಬಂದು ಸೆರಗು ಬಾಯಿಗೆ ಇಟ್ಟುಕೊಂಡೆ. ಪಕ್ಕದವರು ಅಳುತ್ತಿದ್ದೇನೆ ಅಂದುಕೊಂಡು ಬೆನ್ನು ಸವರಿದರು.

ನಿವೃತ್ತ ಮೇಷ್ಟ್ರು ಹರಿಪ್ರಸಾದ್ ಮುಕ್ಕಾಲು ಗಂಟೆ ಮಾತಾಡಿದರು. ಕೆಂಪಯ್ಯನವರು ಯಾರಿಗೂ ಒಂದು ಗಡಸು ಮಾತು ಆಡಿದವರಲ್ಲವಂತೆ. ಅಯ್ಯೋ ದೇವರೇ. ಹಣ್ಣು ಹಿಸುಕಿ ನೋಡಿದ ಗಿರಾಕಿಗೆ, “ಇಂಡಾಕ್ ಬಂದ್ಯೋ, ತಗಳಾಕ್ ಬಂದ್ಯೋ” ಅಂತ ಅದೇ ಹಣ್ಣನ್ನು ಎಸೆದವರು ಅವರು. ಆ ಗಿರಾಕಿ ಬೇರೆ ಯಾರೂ ಅಲ್ಲ, ಇದೇ ಮೇಷ್ಟ್ರು. ಮರೆತರೋ, ಕ್ಷಮಿಸಿದರೋ ಗೊತ್ತಿಲ್ಲ.

ಯಾರೂ ಹೇಳದ್ದನ್ನು ನಾನು ಇಲ್ಲಿ ಬರೆಯುತ್ತೇನೆ. ತಗಡೂರಿನಲ್ಲಿ ಕೂಲಿ ಮಾಡುವವರ ಮನೆಯಲ್ಲಿ ಹುಟ್ಟಿದವರು. ಹದಿನಾರಕ್ಕೆ ಸೀಬೆಕಾಯಿ ಬುಟ್ಟಿ ಹೊತ್ತು ಟಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿ ಕಿಟಕಿಗೆ ಓಡಿದರು. ಒಂದು ಹಳೆಯ ಸೈಕಲ್ ಸಿಕ್ಕಿತು, ತಲಕಾಡಿನ ಮರಳಿನವರೆಗೂ ತುಳಿದರು. ಬಿಳಿಗೆರೆಯಲ್ಲಿ ಜಮೀನು ತೆಗೆದುಕೊಂಡಾಗ ಎಲ್ಲರೂ ರಾಗಿ ಹಾಕು ಅಂದರು, ಇವರು ಸಪೋಟ ಗಿಡ ನೆಟ್ಟರು. ಐದು ವರ್ಷ ಒಂದು ಕಾಯಿ ಇಲ್ಲ. ಊರವರು ಕೆಂಪಯ್ಯನ ಕಾಡು ಅಂತ ಗೇಲಿ ಮಾಡಿದರು. ಆರನೇ ವರ್ಷ ಮೊದಲ ಬುಟ್ಟಿಯನ್ನು ಊರೊಳಗೆಲ್ಲ ಮೆರೆಸಿಕೊಂಡು ಹೋದರಂತೆ. ಯಾರಿಗೂ ಒಂದು ಹಣ್ಣು ಕೊಡಲಿಲ್ಲವಂತೆ. ಇದಲ್ಲವೇ ಕೆಂಪಯ್ಯ? ಇದನ್ನು ಫ್ಲೆಕ್ಸಿನಲ್ಲಿ ಹಾಕಲಿ.

ಬಲಿಯದ ಕಾಯಿಗೆ ಕಾರ್ಬೈಡ್ ಪುಡಿ ಹಾಕಿ ಹಣ್ಣು ಮಾಡುವವರನ್ನು ಕಂಡರೆ ಉಗಿಯುತ್ತಿದ್ದರು. ಒಂದು ವರ್ಷ ಎಳೆಗಾಯಿ ಕಿತ್ತರು ಅಂತ ಇಡೀ ಗಾಡಿಯನ್ನು ತಿಪ್ಪೆಗೆ ಸುರಿಸಿದರು. ನನ್ನನ್ನು ಮಾತ್ರ ಹೆಸರು ಹಿಡಿದು ಕರೆದದ್ದಿಲ್ಲ. “ಒಳಗಡೆ ಇರೋರಿಗೆ ಯೋಳಿ” ಅನ್ನುತ್ತಿದ್ದರು. ಸಿಟ್ಟಿದೆ ನನಗೆ, ಇನ್ನೂ ಇದೆ. ಆದರೂ ಆ ಫ್ಲೆಕ್ಸಿನ ಮೃದುಭಾಷಿಗಿಂತ ಆ ಮನುಷ್ಯನೇ ವಾಸಿ.

ಫೆಬ್ರವರಿ 6, ಗುರುವಾರ

ಪ್ರಸಾದ್ ತೋಟಕ್ಕೆ ಅಳತೆಯವರನ್ನು ಕರೆತಂದಿದ್ದ. ನಾಯಿ ಬಿಟ್ಟೆ.

ಫೆಬ್ರವರಿ 10, ಸೋಮವಾರ

ಟಿ. ನರಸೀಪುರಕ್ಕೆ ಹೋಗಿದ್ದೆ, ಮಹಾದೇವಸ್ವಾಮಿಯವರನ್ನು ಕಾಣಲು. ಇಪ್ಪತ್ತು ವರ್ಷದಿಂದ ನಮ್ಮ ಬೆಳೆ ಹಿಡಿಯುವ ದೊಡ್ಡ ವ್ಯಾಪಾರಿ. ಕುಂಭಮೇಳದ ಜನ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನಿಂತೇ ಹೋದೆ.

ಅವರು ಕಾಫಿ ತರಿಸಿದರು, ಚೇರು ಹಾಕಿಸಿದರು, ಕೆಂಪಯ್ಯನವರನ್ನು ನೆನೆದು ಕಣ್ಣೊರೆಸಿಕೊಂಡರು. ವ್ಯಾಪಾರದ ಮಾತು ಎತ್ತಿದ ಕೂಡಲೇ ನೆಲ ನೋಡತೊಡಗಿದರು. “ತೆಪ್ಪ್ ತಿಳ್ಕಬ್ಯಾಡಿ ಕಣವ್ವ. ಎಣ್ಮಕ್ಕಳ ಕೈ ಇಡ್ಕಂಡು ಯಾಪಾರ ಮಾಡುದ್ರೆ ನಾಳೆ ಮಾರ್ಕೆಟ್ನಲ್ಲಿ ನನ್ ಮಕ ನೋಡಿ ನಗ್ತಾರೆ. ಪ್ರಸಾದಣ್ಣನ್ನೇ ಕೂರ್ಸಿ” ಅಂದರು.

ಹಾಗಾದರೆ ಬಾಯಲ್ಲೇ ಹೇಳಿ, ನಾನೂ ಬಾಯಲ್ಲೇ ಹೇಳುತ್ತೇನೆ ಅಂದೆ. ಬಾಯಲ್ಲಿ ಹೇಳಿದರೆ ಪಕ್ಕದವನು ಕೇಳಿ ಮೇಲೆ ಕೂಗುತ್ತಾನೆ, ಅದು ಹರಾಜು ಅಂದರು. ಫೋನಿನಲ್ಲಿ? ಫೋನಿನ ಮಾತು ಸಂಜೆಗೆ ತಿರುಗುತ್ತದೆ, ಕೈಮಾತು ತಿರುಗುವುದಿಲ್ಲ ಅಂದರು. ಎಲ್ಲದಕ್ಕೂ ಉತ್ತರವಿದೆ ಅವರ ಹತ್ತಿರ.

ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕೂತು ಅತ್ತುಬಿಟ್ಟೆ. ನಾಚಿಕೆಯಿಂದಲ್ಲ, ಕೋಪದಿಂದ. ಇದೇ ಮನುಷ್ಯ ನಾನು ತೊಳೆದ ಕಾಯಿಯನ್ನು ಮೂಗಿಗೆ ಹಿಡಿದು, ಇಂಥ ಮಾಲು ಜಿಲ್ಲೆಯಲ್ಲೇ ಇಲ್ಲ ಅನ್ನುತ್ತಿದ್ದವರು. ಈ ಕೈ ಕಾಯಿ ತೊಳೆದರೆ ಚೆನ್ನ, ಚಾಚಿದರೆ ಮೈಲಿಗೆ.

ಫೆಬ್ರವರಿ 11, ಮಂಗಳವಾರ

ಇವತ್ತು ಆದದ್ದನ್ನು ಹೇಗೆ ಬರೆಯಲಿ.

ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು, ನಾನು ಮತ್ತು ಅತ್ತೆ. ತಿಥಿಯ ದಿನದಿಂದ ಅವರು ನಾಲ್ಕು ಮಾತು ಆಡಿದ್ದರೆ ಹೆಚ್ಚು. ಇದ್ದಕ್ಕಿದ್ದಂತೆ ಗೂಟದಲ್ಲಿದ್ದ ಮಾವನವರ ಟವೆಲ್ ಎಳೆದು ನನ್ನ ಕೈ ಮೇಲೆ ಹಾಕಿದರು. ಒಳಗೆ ಕೈಯಿಟ್ಟು ನನ್ನ ಎರಡು ಬೆರಳು ಹಿಡಿದರು. “ಇದೆಷ್ಟು?” ಅಂದರು. ಗೊತ್ತಿಲ್ಲ ಅಂದೆ. “ಎರಡು” ಅಂದರು. ಅಂಗೈ ಪೂರ್ತಿ ಹಿಡಿದು “ಐದು” ಅಂದರು. ಬೆರಳಿನ ನಡುಗೆಣ್ಣು ಒತ್ತಿ “ಅರ್ಧ” ಅಂದರು. ಬೇಡ ಅನ್ನಬೇಕಾದರೆ ಕೈ ಸಡಿಲ ಬಿಡಬೇಕು.

ನಿಮಗೆ ಹೇಗೆ ಗೊತ್ತು ಅಂತ ಕೇಳಿದೆ. ಎಪ್ಪತ್ತಮೂರು ವರ್ಷದ ನಮ್ಮತ್ತೆಯ ಮುಖ ಕೆಂಪಾಯಿತು.

ಮದುವೆಯಾದ ಹೊಸದರಲ್ಲಿ ಅದು ತುಂಬು ಸಂಸಾರವಂತೆ, ಅತ್ತೆ, ಮಾವ, ಮೂವರು ಭಾವಂದಿರು. ಗಂಡನ ಎದುರು ನಿಂತು ಮಾತಾಡುವ ಹಾಗಿಲ್ಲ. ಸಂಜೆ ಸೈಕಲ್ ಇಳಿದು ಬಂದವರಿಗೆ ನೀರಿನ ಚೊಂಬು ಕೊಡಬೇಕು. ಆ ಚೊಂಬಿನ ಹಿಂದೆ ಮಾವನವರು ಇವರ ಬೆರಳು ಹಿಡಿಯುತ್ತಿದ್ದರಂತೆ. ಇವತ್ತು ಎಷ್ಟಕ್ಕೆ ಹೋಯಿತು ಅಂತ, ಎಲ್ಲರ ಎದುರೇ, ಯಾರಿಗೂ ತಿಳಿಯದ ಹಾಗೆ. “ಒಳ್ಳೆ ರೇಟು ಬಂದ ದಿವ್ಸ ಬೆರಳ ಬುಡ್ತಾನೇ ಇರ್ಲಿಲ್ಲ ಕಣಮ್ಮಿ” ಅಂದರು.

ನಾನು ನಕ್ಕುಬಿಟ್ಟೆ, ಅವರೂ ನಕ್ಕರು. ಗಂಡ ಸತ್ತ ಮೇಲೆ ಅವರು ನಕ್ಕದ್ದು ಇದೇ ಮೊದಲು. ಆಮೇಲೆ ಟವೆಲ್ ಮುಖಕ್ಕೆ ಒತ್ತಿಕೊಂಡರು.

ಸಂಜೆ ಅವರೇ ಹೇಳಿದರು, “ಅವರಿದ್ದಿದ್ರೆ ನಿನ್ನ ಚಾಪೆ ಅತ್ರಕ್ಕೂ ಬುಡ್ತಿರ್ಲಿಲ್ಲ.” ಗೊತ್ತು ಅಂದೆ. “ಆದ್ರೂ ಕಲ್ತ್ಕೋ” ಅಂದರು.

ಫೆಬ್ರವರಿ 14, ಶುಕ್ರವಾರ

ಇವತ್ತಿನ ಪಾಠದಲ್ಲಿ ಅತ್ತೆ ಇಡೀ ತೋಟವನ್ನು ನನಗೆ ಒಂದು ಚೀಲ ಅಕ್ಕಿಯ ಬೆಲೆಗೆ ಮಾರಿದರು. ಅವರ ಬೆರಳಿನಲ್ಲಿ ಇನ್ನೂ ಐವತ್ತು ವರ್ಷದ ಹಿಂದಿನ ರೇಟು. ಕಾಲ ಬದಲಾಗಿದೆ ಅಂದರೆ, ಬೆರಳು ಬದಲಾಗಿಲ್ಲವಲ್ಲ ಅನ್ನುತ್ತಾರೆ. ಹಾಗಾಗಿ ಬೆರಳು ಅವರದು, ರೇಟು ನನ್ನದು. ಮೈಸೂರಿನ ಮಾರುಕಟ್ಟೆಗೆ ದಿನಾ ಬೆಳಿಗ್ಗೆ ಫೋನು ಮಾಡಿ ಕೇಳುತ್ತಿದ್ದೇನೆ.

ಫೆಬ್ರವರಿ 20, ಗುರುವಾರ

ಸಾಲು ಸಾಲು ತಿರುಗಿ ಕಾಯಿ ನೋಡಿದೆ. ಕಾಲುವೆ ಕಡೆಯದು ಬಲಿತಿದೆ, ರಸ್ತೆ ಕಡೆಯದಕ್ಕೆ ಇನ್ನೂ ಹದಿನೈದು ದಿನ ಬೇಕು. ನೀರು ಬಿಡುವವನು ನಾಲ್ಕು ಮರ ತಪ್ಪಿಸಿದ್ದ, ಬೈದೆ. ನಿಮ್ಮ ಮಾವನವರ ಥರವೇ ಬೈತೀರಿ ಅಂದ. ಅದಕ್ಕೂ ಬೈದೆ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಅತ್ತೆ ಒಂದು ಉಪಾಯ ಹೇಳಿದರು. ವ್ಯಾಪಾರಿಗಳಿಗೆ ನನ್ನ ಕೈ ಹಿಡಿಯಲು ನಾಚಿಕೆಯಾದರೆ ಅತ್ತೆಯ ಕೈ ಹಿಡಿಯಲಿ, ಮುದುಕಿಯ ಕೈಗೆ ಯಾರು ಏನಂದಾರು? ಟವೆಲ್ ಕೆಳಗೆ ಅವರ ಬಲಗೈ ವ್ಯಾಪಾರಿಗೆ. ಎಡಗೈ ಬೆನ್ನ ಹಿಂದೆ, ನನ್ನ ಸೆರಗಿನೊಳಗೆ, ನನಗೆ. ಅವನು ಹೇಳಿದ್ದನ್ನು ಅವರು ನನಗೆ ದಾಟಿಸುವುದು, ನಾನು ಹೇಳಿದ್ದನ್ನು ಅವನಿಗೆ.

ಅವರ ಕೈ ನಡುಗುತ್ತದೆ, ಅದೊಂದೇ ನನಗೆ ಭಯ. ಅವತ್ತು ನಡುಗಲ್ಲ ಸುಮ್ನಿರು ಅಂದರು.

ಪ್ರಸಾದ್ ಗುತ್ತಿಗೆಯ ಕಾಗದ ಪತ್ರ ಸಿದ್ಧ ಮಾಡಿಸಿದ್ದಾನೆ. ಭಾನುವಾರವೇ ತರುತ್ತಾನಂತೆ.

ಮಾರ್ಚ್ 2, ಭಾನುವಾರ

ಕೈ ಇನ್ನೂ ಬಿಸಿಯಾಗಿದೆ, ಅಕ್ಷರ ಸೊಟ್ಟ ಬರುತ್ತಿದೆ. ಬರಲಿ.

ನಾಲ್ವರು ವ್ಯಾಪಾರಿಗಳು ಬಂದರು. ಮಹಾದೇವಸ್ವಾಮಿ, ನಂಜನಗೂಡಿನ ಹೊಸ ಹುಡುಗ ಕುಮಾರ, ಮೈಸೂರಿನ ಇಬ್ಬರು. ತೋಟ ತಿರುಗಿದರು, ಕಾಯಿಯ ಮೇಲೆ ಉಗುರು ಗೀರಿ ನೋಡಿದರು. ಪ್ರಸಾದ್ ಬೈಕಿಗೆ ಒರಗಿ ನಿಂತಿದ್ದ, ಕಾಗದದ ಕವರು ಕೈಯಲ್ಲೇ. ನಮ್ಮ ಯಜಮಾನರು ಬಾವಿಕಟ್ಟೆಯ ಮೇಲೆ ಕೂತು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಎಲ್ಲರೂ ಚಾಪೆಗೆ ಬಂದಾಗ ಪ್ರಸಾದ್ ಶರ್ಟಿನ ತೋಳು ಮಡಚಿಕೊಂಡ. ಅಷ್ಟರಲ್ಲಿ ಅತ್ತೆ ಬಂದು ಮಧ್ಯದಲ್ಲಿ ಕೂತರು, ನಾನು ಅವರ ಹಿಂದೆ. ಟವೆಲ್ ಬಿಡಿಸಿ ಮೊಣಕಾಲ ಮೇಲೆ ಹಾಸಿಕೊಂಡು, “ನಾನು ಕೆಂಪಯ್ಯನ ಎಂಡ್ತಿ. ಈ ಮರಕ್ಕೆಲ್ಲ ಕೊಡದಲ್ಲಿ ನೀರುಯ್ದೋಳು. ಬನ್ನಿ, ಯಾರ್ ಇಡೀತೀರೋ ಇಡೀರಿ” ಅಂದರು.

ಮೊದಲು ಮೈಸೂರಿನವರು ಹಿಡಿದರು. ಅತ್ತೆಯ ಎಡಗೈ ನನ್ನ ಬೆರಳಿಗೆ ಬಂತು, ಕಡಿಮೆ. ನಾನು ಸಡಿಲ ಬಿಟ್ಟೆ. ಕುಮಾರ ಹಿಡಿದ, ಪರವಾಗಿಲ್ಲ, ಆದರೂ ಸಾಲದು. ಕಡೆಗೆ ಮಹಾದೇವಸ್ವಾಮಿ. ಬಾಯಲ್ಲಿ ಮಗಳ ಬಾಣಂತನದ ಮಾತು, ಬೆರಳಲ್ಲಿ ಏರುತ್ತಾ ಬಂದರು. ನಾನು ಹಿಡಿದೆ, ಬಿಟ್ಟೆ, ಮತ್ತೆ ಹಿಡಿದೆ. ಅವರು ಕೊನೆಯದು ಹೇಳಿದರು, ನಾನು ಅದಕ್ಕೆ ಒಂದೂವರೆ ಬೆರಳಿನಷ್ಟು ಸೇರಿಸಿ ಒತ್ತಿದೆ. ಅತ್ತೆ ಅದನ್ನು ದಾಟಿಸಿದರು. ಮಹಾದೇವಸ್ವಾಮಿ ಮಾತು ನಿಲ್ಲಿಸಿದರು.

“ಅವ್ವ, ಏನಂತ ತಿಳೀತಿಲ್ಲ. ಕೈ ನಡುಗ್ತಾ ಅದೆ” ಅಂದರು.

ಪ್ರಸಾದ್ ಆಗಲೇ ಚಾಪೆಯ ಮೇಲೆ ಕಾಲಿಟ್ಟಿದ್ದ. ಏಳಮ್ಮ, ನಿನ್ನ ಕೈಲಿ ಆಗುವ ಕೆಲಸವಲ್ಲ ಅಂತ ಅವರ ಭುಜ ಹಿಡಿದ.

ಅತ್ತೆ ಟವೆಲ್ ಎಳೆದು ಎಸೆದರು. ಎಲ್ಲರಿಗೂ ಕಂಡಿತು, ಒಂದು ಕೈ ಮಹಾದೇವಸ್ವಾಮಿಯ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ.

“ನನ್ ಕೈ ನಡುಗ್ತದೆ ಸ್ವಾಮಿ, ದಿಟ. ಇವಳದ್ದು ನಡುಗಲ್ಲ. ಇಷ್ಟೊತ್ತೂ ನಿಮ್ ಜೊತೆ ಯಾಪಾರ ಮಾಡ್ದೋಳು ಇವಳೇ. ಇವಳ ಕೈ ಇಡೀರಿ, ಇಲ್ದಿದ್ರೆ ಎದ್ದು ಆಚ್ಗೆ ನಡೀರಿ.”

ಮಹಾದೇವಸ್ವಾಮಿ ಮೀಸೆ ಸವರಿಕೊಂಡು, ಬರುವ ವರ್ಷ ನೋಡೋಣ ಕಣವ್ವ, ಈ ವರ್ಷ ಪ್ರಸಾದಣ್ಣನೇ ಕೂರಲಿ ಅಂದರು.

ನಾನು ಅತ್ತೆಯ ಪಕ್ಕಕ್ಕೆ ಬಂದು ಕೂತೆ. ಟವೆಲ್ ಎತ್ತಿ ಕೊಡವಿ ನನ್ನ ಕೈ ಮೇಲೆ ಹಾಕಿಕೊಂಡು ಚಾಚಿದೆ. “ಬರೋ ವರ್ಷ ಅಲ್ಲ ಸ್ವಾಮಿ, ಈಗ. ನೀವು ಹಿಡಿಯಲ್ಲ ಅಂದ್ರೆ ಹೇಳಿಬಿಡಿ, ಹಿಡಿಯೋರು ಹಿಡೀತಾರೆ.” ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಕುಮಾರ ಒಂದು ಹೆಜ್ಜೆ ಮುಂದೆ ಬಂದು, ನಾನು ಹಿಡೀಲಾ ಅಕ್ಕ ಅಂದ. ಅಷ್ಟೇ ಬೇಕಾಗಿತ್ತು. ಇಪ್ಪತ್ತು ವರ್ಷದ ತೋಟ ನಿನ್ನೆ ಮೊನ್ನೆ ಬಂದ ಹುಡುಗನ ಪಾಲಾಗುವುದನ್ನು ಮಹಾದೇವಸ್ವಾಮಿ ನೋಡಿಕೊಂಡು ಇರುವವರೇ? ಅವರ ಕೈ ಟವೆಲ್ ಕೆಳಗೆ ಬಂತು. ಒರಟು ಕೈ, ಸೊನೆಯ ಅಂಟು, ನನ್ನದರ ಹಾಗೆಯೇ. ನಾನು ಒತ್ತಿದೆ. ಅವರು ಅರ್ಧ ಇಳಿಸಿದರು. ನಾನು ಮತ್ತೆ ಅದನ್ನೇ ಒತ್ತಿ ಹಿಡಿದುಕೊಂಡೆ, ಬಿಡಲಿಲ್ಲ. ಅವರು ನನ್ನ ಮುಖ ನೋಡಿದರು. ನಾನೂ ನೋಡಿದೆ. ಆಮೇಲೆ ಟವೆಲ್ ತೆಗೆದು ನನ್ನ ಅಂಗೈಗೆ ಪಟ್ ಅಂತ ತಟ್ಟಿದರು. ವ್ಯಾಪಾರ ಮುಗಿಯಿತು ಅಂತ ಅರ್ಥ. ಎಷ್ಟಕ್ಕೆ ಅಂತ ಇಲ್ಲಿ ಬರೆಯುವುದಿಲ್ಲ, ಕೈಮಾತು ಕೈಯಲ್ಲೇ ಇರಬೇಕು.

ಪ್ರಸಾದ್ ಕವರು ತೆಗೆದುಕೊಂಡು ಇವರ ಹತ್ತಿರ ಹೋದ. ಇವರು ಬಾವಿಕಟ್ಟೆಯಿಂದ ಇಳಿದು, “ನಾನ್ ಸಹಿ ಹಾಕಲ್ಲ ಕಣೋ, ಮಾತು ಕೊಟ್ಟಿದೀನಿ” ಅಂದರು. ಇಪ್ಪತ್ತೆರಡು ವರ್ಷದಲ್ಲಿ ಇವರು ನೋಡೋಣ ಅನ್ನದೆ ಹೇಳಿದ ಮಾತು ಇದೊಂದೇ. ಪ್ರಸಾದ್ ಬೈಕನ್ನು ಒದ್ದು ಸ್ಟಾರ್ಟ್ ಮಾಡಿಕೊಂಡು ಹೋದ. ಹೋಗಲಿ, ಹಬ್ಬಕ್ಕೆ ಬಂದೇ ಬರುತ್ತಾನೆ. ಬರದಿದ್ದರೂ ಮರ ಇರುತ್ತದೆ.

ಎಲ್ಲರೂ ಹೋದ ಮೇಲೆ ಅತ್ತೆಯ ಕೈ ಹಿಡಿದುಕೊಂಡು ಜೋರಾಗಿ ಅತ್ತುಬಿಟ್ಟೆ. ಅವರ ಕೈ ಆಗಲೂ ನಡುಗುತ್ತಲೇ ಇತ್ತು. ಮಾವನವರು ಇದ್ದಿದ್ದರೆ ಬೈಯುತ್ತಿದ್ದರು ಅಲ್ಲವೇ ಅಂದೆ. “ಬೈಯ್ಲಿ ಬುಡು” ಅಂದರು.

ಮಾರ್ಚ್ 4, ಮಂಗಳವಾರ

ಬರೆಯಲು ಹೊತ್ತಿಲ್ಲ. ಮಹಾದೇವಸ್ವಾಮಿಯವರ ಕಡೆಯ ಆಳುಗಳು ಬೆಳಿಗ್ಗೆಯೇ ಏಣಿ, ಬಲೆ ಹೊತ್ತು ಬಂದರು. ಕೊಯ್ಲಾದ ಮೇಲೆ ಮರದ ಬುಡದ ಮಣ್ಣು ಸಡಿಲಿಸಬೇಕು, ಸತ್ತ ಮೂರು ಮರದ ಜಾಗಕ್ಕೆ ಹೊಸ ಗಿಡ ತರಿಸಬೇಕು, ಅದಕ್ಕೆ ಈಗಲೇ ಹೇಳಿಡಬೇಕು. ನನ್ನ ತೋಟದ ಬೇಲಿಯನ್ನು ಅಳತೆಯವರು ಒಂದು ಕಡೆ ಕಿತ್ತಿದ್ದಾರೆ, ಅದೂ ಇದೆ.

ಆಳುಗಳ ಮೇಸ್ತ್ರಿ ಕರಿಯಯ್ಯ ಅಂತ, ಹಳಬ. ತೋಟದ ಬಾಗಿಲಲ್ಲೇ ನಿಂತು ಸುತ್ತ ನೋಡಿ, ಯಜಮಾನರು ಎಲ್ಲಿದ್ದಾರೆ, ಕೇಳದೆ ಏಣಿ ಹಾಕುವ ಹಾಗಿಲ್ಲ ಅಂದ.

ನಾನೇ, ಏನು ಹೇಳು ಅಂದೆ.

ಅವನು ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. “ಯಾವ್ ಸಾಲಿಂದ ಕೀಳಾಣ ಯಜಮಾನ್ರೇ?”

ಕಾಲುವೆ ಕಡೆಯಿಂದ ಅಂದೆ.